ಮಲೆನಾಡಿನ ಸರ್ಕಾರಿ ಶಾಲೆ: ದಾಖಲಾತಿಯ ಲೆಕ್ಕ ಬೇರೆ, ಕಲಿಕೆಯ ಲೆಕ್ಕ ಬೇರೆ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರ ಕೊಠಡಿಯಲ್ಲಿ, ಬಾಗಿಲಿಗೆ ಎದುರಾಗಿ, ಒಂದು ಕಪ್ಪು ಹಲಗೆಯಿದೆ. ತರಗತಿ, ಗಂಡು, ಹೆಣ್ಣು, ಒಟ್ಟು, ಹಾಜರು ಎಂಬ ಕಲಮುಗಳನ್ನು ಬಿಳಿಯ ಬಣ್ಣದಲ್ಲಿ ಕಾಯಂ ಆಗಿ ಬರೆದಿದ್ದು, ಅಂಕಿಗಳನ್ನು ಮಾತ್ರ ಪ್ರತಿದಿನ ಸೀಮೆಸುಣ್ಣದಲ್ಲಿ ತುಂಬುತ್ತಾರೆ. ಕಳೆದ ಮಳೆಗಾಲದಲ್ಲಿ ನಾನು ಅಲ್ಲಿಗೆ ಹೋದ ದಿನ ಒಂದನೆಯ ತರಗತಿಯಲ್ಲಿ ಇಬ್ಬರು, ಎರಡರಲ್ಲಿ ನಾಲ್ವರು, ಮೂರರಲ್ಲಿ ಒಬ್ಬ, ನಾಲ್ಕರಲ್ಲಿ ಮೂವರು, ಐದರಲ್ಲಿ ನಾಲ್ವರು, ಒಟ್ಟು 14 ಮಕ್ಕಳಿದ್ದರು. ಮೂರನೆಯ ತರಗತಿಯೆಂದರೆ ಒಬ್ಬನೇ ಹುಡುಗ. ಅವನು ಬಂದ ದಿನ ಆ ತರಗತಿಯ ಹಾಜರಾತಿ ಶೇ 100, ಜ್ವರ ಬಂದು ಮಲಗಿದ ದಿನ ಸೊನ್ನೆ.

ಇಂಥ ಶಾಲೆಗಳ ಬಗ್ಗೆ ಊರಿನ ಜಗಲಿಯಿಂದ ತಾಲ್ಲೂಕು ಪಂಚಾಯಿತಿಯ ಸಭೆಯವರೆಗೆ ಕೇಳಿಬರುವುದು ಒಂದೇ ಮಾತು: ಅಲ್ಲಿ ಪಾಠ ಸರಿಯಾಗಿ ನಡೆಯುವುದಿಲ್ಲ, ಅದಕ್ಕೇ ಮಕ್ಕಳು ಬರುವುದಿಲ್ಲ. ಈ ಮಾತಿನಲ್ಲಿ ಎರಡು ಬೇರೆ ಬೇರೆ ಲೆಕ್ಕಗಳು ಕಲಸಿಹೋಗಿವೆ. ಶಾಲೆಗೆ ಎಷ್ಟು ಮಕ್ಕಳು ಸೇರುತ್ತಾರೆ ಎಂಬುದು ಒಂದು, ಸೇರಿದವರು ಎಷ್ಟು ಕಲಿಯುತ್ತಾರೆ ಎಂಬುದು ಇನ್ನೊಂದು. ಮಲೆನಾಡಿನಲ್ಲಿ ಮೊದಲನೆಯದು ಕಡಿಮೆಯಾಗಲು ಇರುವ ಕಾರಣಗಳಲ್ಲಿ ಹೆಚ್ಚಿನವು ತರಗತಿಯ ಕೋಣೆಯ ಹೊರಗಿವೆ. ಆದರೆ ಒಮ್ಮೆ ಸಂಖ್ಯೆ ಕುಸಿದ ಮೇಲೆ ಅದು ನಿಯಮಗಳ ದಾರಿ ಹಿಡಿದು ತರಗತಿಯೊಳಕ್ಕೆ ಬಂದು ಕಲಿಕೆಯನ್ನೂ ತಟ್ಟುತ್ತದೆ. ಜನ ಹೇಳುವ ಕಾರ್ಯಕಾರಣ ಸಂಬಂಧ ಸುಳ್ಳೇನಲ್ಲ, ಆದರೆ ಬಹುಪಾಲು ಹಿಂದುಮುಂದಾಗಿದೆ.

ಮೊದಲು ಜನನದ ಲೆಕ್ಕವನ್ನು ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೆ ಈ ಸರಾಸರಿ 2.1 ಇರಬೇಕು. ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನಕ್ಕೆ ಸುಮಾರು 16 ಮಕ್ಕಳು ಹುಟ್ಟುತ್ತಾರೆ ಎಂಬ ಲೆಕ್ಕವನ್ನು 600 ಜನರ ಒಂದು ಊರಿಗೆ ಅನ್ವಯಿಸಿದರೆ ವರ್ಷಕ್ಕೆ ಒಂಬತ್ತೋ ಹತ್ತೋ ಮಕ್ಕಳಾಗಬೇಕು. ಆದರೆ ತೋಟದ ಮನೆಗಳಲ್ಲಿ ಉಳಿದಿರುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಮಕ್ಕಳು ಹುಟ್ಟುವ ವಯಸ್ಸಿನ ದಂಪತಿಗಳು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇದ್ದು, ಹಬ್ಬಕ್ಕೂ ಅಡಿಕೆ ಕೊಯ್ಲಿನ ಲೆಕ್ಕಾಚಾರಕ್ಕೂ ಮಾತ್ರ ಊರಿಗೆ ಬರುತ್ತಾರೆ. ಹಾಗಾಗಿ ಹತ್ತು ಎಂಬುದನ್ನು ಆರಕ್ಕೆ ಇಳಿಸಿ ಲೆಕ್ಕ ಹಾಕುವುದೇ ವಾಸ್ತವಕ್ಕೆ ಹತ್ತಿರ. ವರ್ಷಕ್ಕೆ ಆರು ಮಕ್ಕಳೆಂದರೆ, ಊರಿನ ಒಂದು ಮಗುವೂ ಬೇರೆಡೆಗೆ ಹೋಗದಿದ್ದರೂ, ಐದು ತರಗತಿಗಳಿಗೆ ಸೇರಿ 30 ಮಕ್ಕಳು. ಅವರಲ್ಲಿ ಅರ್ಧದಷ್ಟು ಮಂದಿ ಪೇಟೆಯ ಖಾಸಗಿ ಶಾಲೆಯ ವ್ಯಾನು ಹತ್ತಿದರೆ ಆ ಕಪ್ಪು ಹಲಗೆಯ ಮೇಲಿನ 14 ಎಂಬ ಅಂಕಿ ಸಿಕ್ಕಿಬಿಡುತ್ತದೆ. ಶಿಕ್ಷಕರು ಚೆನ್ನಾಗಿ ಪಾಠ ಮಾಡಿದರೋ ಇಲ್ಲವೋ ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಇನ್ನೂ ಬಂದೇ ಇಲ್ಲ.

ಶಾಲೆ ಚಿಕ್ಕದಾಗಿರುವುದಕ್ಕೆ ಇನ್ನೊಂದು ಹಳೆಯ ಕಾರಣವೂ ಇದೆ. ಬಯಲುಸೀಮೆಯಂತೆ ಮಲೆನಾಡಿನ ಊರು ಒಂದೇ ಕಡೆ ಗುಂಪುಗೂಡಿರುವುದಿಲ್ಲ. ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೆರಡು ಮನೆ, ಹಳ್ಳದ ಆಚೆಗೆ ಒಂದು ಕೇರಿ, ಇವೆಲ್ಲ ಸೇರಿ ಕಂದಾಯದ ದಾಖಲೆಯಲ್ಲಿ ಒಂದು ಗ್ರಾಮ. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಎಂಬ ನೀತಿಯನ್ನು ಇಂಥ ನೆಲದ ಮೇಲೆ ಜಾರಿಗೆ ತಂದಾಗ, ಅದರಲ್ಲೂ 2001ರ ನಂತರ ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ, ಶಾಲೆಗಳು ಚಿಕ್ಕದಾಗಿಯೇ ಹುಟ್ಟಿದವು. ಅದು ತಪ್ಪಾಗಿರಲಿಲ್ಲ, ಮಳೆಗಾಲದಲ್ಲಿ ಆರು ವರ್ಷದ ಮಗು ಎಷ್ಟು ದೂರ ನಡೆಯಬಲ್ಲದು ಎಂಬುದೇ ಅಲ್ಲಿ ಮುಖ್ಯವಾಗಿತ್ತು. ಆಗುಂಬೆಯ ಸುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಸೀಮೆಯಲ್ಲಿ ನಕ್ಷೆಯ ಮೇಲಿನ ಒಂದು ಕಿಲೋಮೀಟರಿಗೂ ಕಾಲಿನ ಕೆಳಗಿನ ಒಂದು ಕಿಲೋಮೀಟರಿಗೂ ಹೋಲಿಕೆಯೇ ಇಲ್ಲ. ಹಳ್ಳ ದಾಟುವ ಕಾಲುಸಂಕ ಗಟ್ಟಿಯಾಗಿದ್ದರೆ ಶಾಲೆ ಹತ್ತು ನಿಮಿಷದ ದಾರಿ. ಅದು ಕೊಚ್ಚಿಹೋದರೆ ರಸ್ತೆಯಲ್ಲಿ ಸುತ್ತಿ ಬರಲು ಒಂದು ಗಂಟೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ತುಮರಿ ಭಾಗದವರು ಆರು ದಶಕ ಲಾಂಚನ್ನೇ ನೆಚ್ಚಿ ಸಾಗರಕ್ಕೆ ಓಡಾಡಿದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ 2.44 ಕಿಲೋಮೀಟರಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ದಾರಿ ಬದಲಾದರೆ ಶಾಲೆಯ ಹಣೆಬರಹವೂ ಬದಲಾಗುತ್ತದೆ ಎಂಬುದನ್ನು ಆ ಭಾಗದಲ್ಲಿ ಮುಂದಿನ ಕೆಲವು ವರ್ಷ ಗಮನಿಸಿ ನೋಡಬಹುದು.

ರಸ್ತೆಯ ವಿಷಯದಲ್ಲಿ ಒಂದು ವಿಪರ್ಯಾಸವನ್ನು ಹೇಳದೆ ಮುಂದಕ್ಕೆ ಹೋಗುವುದು ಸರಿಯಲ್ಲ. ಮಕ್ಕಳು ಕೆಸರು ತುಳಿದು ಶಾಲೆಗೆ ಹೋಗುತ್ತಿದ್ದಾರೆ ಎಂದು ಅರ್ಜಿ ಕೊಟ್ಟು, ಪ್ರತಿಭಟನೆ ಮಾಡಿ, ಊರಿನವರು ರಸ್ತೆಗೆ ಡಾಂಬರು ಹಾಕಿಸಿಕೊಂಡರು. ಡಾಂಬರು ಬಿದ್ದ ಮರುವರ್ಷ ಆ ರಸ್ತೆಯಲ್ಲಿ ಹಳದಿ ಬಣ್ಣದ ವ್ಯಾನು ಬಂತು. ಬೆಳಗಿನ ಏಳೂಮುಕ್ಕಾಲಕ್ಕೆ ತಿರುವಿನಲ್ಲಿ ಹಾರನ್ ಹೊಡೆದು, ಟೈ ಕಟ್ಟಿದ ಮಕ್ಕಳನ್ನು ಹತ್ತಿಸಿಕೊಂಡು, ಊರಿನ ಶಾಲೆಯ ಗೇಟಿನ ಮುಂದೆಯೇ ಹಾದು ಅದು ಪೇಟೆಗೆ ಹೋಗುತ್ತದೆ. ಶಾಲೆಯ ಬೀಗ ತೆಗೆಯಲು ಆಗ ಇನ್ನೂ ಒಂದು ಗಂಟೆಗೂ ಹೆಚ್ಚು ಸಮಯ ಇರುತ್ತದೆ.

ವ್ಯಾನು ಹತ್ತುವ ನಿರ್ಧಾರ ಯಾವ ವಯಸ್ಸಿನಲ್ಲಿ ಆಗುತ್ತದೆ ಎಂಬುದು ಬಹಳ ಮುಖ್ಯ. ಸರ್ಕಾರಿ ಶಾಲೆಯ ಬಾಗಿಲು ಹೆಚ್ಚಿನ ಊರುಗಳಲ್ಲಿ ಮಗುವಿಗೆ ತೆರೆಯುವುದು ಒಂದನೆಯ ತರಗತಿಯಲ್ಲಿ, ಎಂದರೆ ಸುಮಾರು ಆರನೆಯ ವಯಸ್ಸಿನಲ್ಲಿ. ಖಾಸಗಿ ಶಾಲೆ ಎಲ್‌ಕೆಜಿಗೆ ನಾಲ್ಕನೆಯ ವಯಸ್ಸಿನಲ್ಲೇ ಕರೆದುಕೊಳ್ಳುತ್ತದೆ. ನಡುವಿನ ಎರಡು ವರ್ಷಕ್ಕೆ ಸರ್ಕಾರದ ಕಡೆಯಿಂದ ಇರುವುದು ಅಂಗನವಾಡಿ. ಅಲ್ಲಿ ಊಟ, ಆಟ, ಹಾಡು ಇವೆ. ಆದರೆ ತಂದೆತಾಯಿಗಳ ಕಣ್ಣಿನಲ್ಲಿ ಅದು ಶಾಲೆಯಲ್ಲ. ರಿಪ್ಪನ್‌ಪೇಟೆಯ ಬಸ್ ನಿಲ್ದಾಣದಲ್ಲಿ ಸಿಕ್ಕ ತಾಯಿಯೊಬ್ಬರು ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು: “ಅಕ್ಕಪಕ್ಕದ ಮಕ್ಕಳೆಲ್ಲ ಎಬಿಸಿಡಿ ಬರಿತಾವೆ, ನಮ್ಮದೊಂದನ್ನ ಎರಡು ವರ್ಷ ಮನೇಲಿ ಕೂರಿಸ್ಕೊಂಡು ಎಂತ ಮಾಡದು ಮಾರಾಯ್ರೆ?” ಒಮ್ಮೆ ಎಲ್‌ಕೆಜಿಗೆ ಸೇರಿದ ಮಗು ಯುಕೆಜಿ ಮುಗಿಸಿ ಊರಿನ ಶಾಲೆಯ ಒಂದನೆಯ ತರಗತಿಗೆ ಮರಳಿ ಬರುವುದು ಅಪರೂಪ. ಆದ್ದರಿಂದ ಮೇ ತಿಂಗಳ ಕೊನೆಯಲ್ಲಿ ಶಿಕ್ಷಕರು ದಾಖಲಾತಿ ಆಂದೋಲನವೆಂದು ಮನೆಮನೆಗೆ ಹೋಗುವ ಹೊತ್ತಿಗೆ ಆಟ ಮುಗಿದು ಎರಡು ವರ್ಷವಾಗಿರುತ್ತದೆ. ಆಯ್ದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಮತ್ತು ಯುಕೆಜಿ ಆರಂಭಿಸಿದ್ದು ಈ ಸೋರಿಕೆಯನ್ನು ತಡೆಯುವುದಕ್ಕೇ. ಅದರಿಂದ ಅಂಗನವಾಡಿಗಳು ಬರಿದಾಗುತ್ತವೆ ಎಂಬ ಅಂಗನವಾಡಿ ಕಾರ್ಯಕರ್ತೆಯರ ಆತಂಕವೂ ನ್ಯಾಯವಾದದ್ದೇ.

ವಯಸ್ಸಿನ ನಿಯಮವೂ ಒಂದೊಂದು ವರ್ಷದ ಅಂಕಿಯನ್ನು ಏರುಪೇರು ಮಾಡುತ್ತದೆ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ಷರತ್ತನ್ನು 2025–26ನೇ ಸಾಲಿನಿಂದ ಜಾರಿಗೆ ತರಬೇಕಾಗಿತ್ತು. ಪೋಷಕರ ಒತ್ತಾಯದ ಮೇರೆಗೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಊರಿನಲ್ಲಿ ವರ್ಷಕ್ಕೆ ಆರೇ ಮಕ್ಕಳು ಹುಟ್ಟುವಾಗ ಇಬ್ಬರ ಜನ್ಮದಿನ ಜುಲೈಯಲ್ಲಿ ಬಿದ್ದರೂ ಒಂದನೆಯ ತರಗತಿಯ ಮೂರರಲ್ಲೊಂದು ಭಾಗ ಮುಂದಿನ ವರ್ಷಕ್ಕೆ ಹೋಗುತ್ತದೆ. ಪತ್ರಿಕೆಯಲ್ಲಿ ಮಾತ್ರ ಅದು ‘ದಾಖಲಾತಿ ಕುಸಿತ’ ಎಂದೇ ಅಚ್ಚಾಗುತ್ತದೆ.

ಇಂಗ್ಲಿಷಿನ ಮೋಹ ಎಂದು ಎಲ್ಲರೂ ಬಯ್ಯುವ ಕಾರಣವನ್ನು ನಾನು ಮೋಹ ಎಂದು ಕರೆಯಲಾರೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ಕರ್ನಾಟಕದ ಪ್ರಕರಣದಲ್ಲಿಯೇ ತೀರ್ಪು ನೀಡಿತು. 2019–20ರಲ್ಲಿ ರಾಜ್ಯ ಸರ್ಕಾರ ತಾನೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಪದವಿಯ ನಂತರ ಇಂಗ್ಲಿಷಿಲ್ಲದೆ ಕೆಲಸ ಸಿಗದ ಅನುಭವ ಮನೆಯ ಹಿರಿಯ ಮಗನಿಗೆ ಆಗಿದ್ದರೆ, ಕಿರಿಯ ಮಗಳನ್ನು ವ್ಯಾನು ಹತ್ತಿಸುವ ತಂದೆ ತನ್ನ ಲೆಕ್ಕದಲ್ಲಿ ತಪ್ಪು ಮಾಡುತ್ತಿಲ್ಲ. ಖಾಸಗಿ ಶಾಲೆಯಲ್ಲಿ ಸಿಗುವ ಇಂಗ್ಲಿಷ್ ಎಂಥದು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಕೇಳುವವರು ಕಡಿಮೆ.

ಖಾಸಗಿ ಶಾಲೆಗೆ ಯಾರು ಹೋದರು ಎಂಬುದರಷ್ಟೇ, ಸರ್ಕಾರಿ ಶಾಲೆಯಲ್ಲಿ ಯಾರು ಉಳಿದರು ಎಂಬುದೂ ಮುಖ್ಯ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಸದಸ್ಯರು ಅಲ್ಲಿ ಓದುವ ಮಕ್ಕಳ ಪೋಷಕರೇ ಆಗಿರಬೇಕು. ನಮ್ಮಲ್ಲಿ ಅದು ಎಸ್‌ಡಿಎಂಸಿ. ತೋಟದ ಒಡೆಯರ, ಪಂಚಾಯಿತಿ ಸದಸ್ಯರ, ಸೊಸೈಟಿ ನಿರ್ದೇಶಕರ ಮಕ್ಕಳು ಪೇಟೆಯ ಶಾಲೆಗೆ ಹೋದ ದಿನವೇ, ಕಚೇರಿಯಲ್ಲಿ ಕುರ್ಚಿ ಎಳೆದು ಕುಳಿತು ಮಾತನಾಡಬಲ್ಲವರು ಸಮಿತಿಯಿಂದ ಹೊರಬಿದ್ದರು. ಉಳಿದವರು ದಿನಗೂಲಿ ಬಿಟ್ಟು ಸಭೆಗೆ ಬರಬೇಕಾದವರು. ಚಾವಣಿಯ ಹೆಂಚು ಜಾರಿದ ವಿಷಯ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಜಿಗೆ ತಲುಪಲು ಆಗ ಎರಡು ಮಳೆಗಾಲ ಬೇಕಾಗುತ್ತದೆ.

ಹೊಸದಾಗಿ ಬರುವವರೂ ಇದ್ದಾರೆ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ, ಈಚೆಗೆ ಅಸ್ಸಾಮಿನಂಥ ದೂರದ ರಾಜ್ಯಗಳಿಂದಲೂ ತೋಟದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಹಲವು ಶಾಲೆಗಳ ಹಾಜರಿ ಪುಸ್ತಕವನ್ನು ಜೀವಂತವಾಗಿ ಇಟ್ಟಿದ್ದಾರೆ. ಇವರು ಜೂನ್‌ನಲ್ಲಿ ಬರುವುದಿಲ್ಲ. ಅಡಿಕೆ ಗೊನೆಯ ಕೊಯ್ಲು ಶುರುವಾಗುವ ಹೊತ್ತಿಗೆ ಬಂದು, ಕೆಲಸ ಮುಗಿದಾಗ ಹೇಳದೆ ಹೋಗುತ್ತಾರೆ. ಹೆಸರು ಪುಸ್ತಕದಲ್ಲಿದ್ದು ಮಗು ಬೆಂಚಿನಲ್ಲಿಲ್ಲದ ಈ ಸ್ಥಿತಿಯಲ್ಲಿ ದಾಖಲಾತಿ ಮತ್ತು ಹಾಜರಾತಿ ಎಂಬ ಎರಡು ಅಂಕಿಗಳ ನಡುವೆ ದೊಡ್ಡ ಅಂತರ ಕಾಣುತ್ತದೆ. ಪ್ರತಿ ಮಗುವಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು ಶಾಲೆಯಿಂದ ಶಾಲೆಗೆ ಹಿಂಬಾಲಿಸುವ ಎಸ್‌ಎಟಿಎಸ್ ವ್ಯವಸ್ಥೆ ರಾಜ್ಯದೊಳಗೆ ಇದಕ್ಕೆ ಸ್ವಲ್ಪಮಟ್ಟಿನ ಉತ್ತರ. ರಾಜ್ಯದ ಗಡಿ ದಾಟಿ ಹೋದ ಮಗುವಿನ ಜಾಡು ಅದಕ್ಕೆ ಸುಲಭವಾಗಿ ಸಿಗುವುದಿಲ್ಲ.

ದಾಖಲಾತಿಯ ಏರಿಳಿತವನ್ನು ಪಾಠದ ಗುಣಮಟ್ಟದ ಅಳತೆಗೋಲು ಮಾಡಿಕೊಳ್ಳಬಾರದು ಎಂಬುದಕ್ಕೆ ಕೋವಿಡ್ ಕಾಲದಷ್ಟು ಗಟ್ಟಿಯಾದ ಸಾಕ್ಷ್ಯ ಇನ್ನೊಂದಿಲ್ಲ. ಗ್ರಾಮೀಣ ಭಾರತದಲ್ಲಿ ಮನೆಮನೆಗೆ ಹೋಗಿ ಮಾಡುವ ‘ಅಸರ್’ ಸಮೀಕ್ಷೆಯ ಪ್ರಕಾರ, 6ರಿಂದ 14 ವರ್ಷದ ಮಕ್ಕಳಲ್ಲಿ ಸರ್ಕಾರಿ ಶಾಲೆಗೆ ದಾಖಲಾದವರ ಪ್ರಮಾಣ ದೇಶದ ಮಟ್ಟದಲ್ಲಿ 2018ರಲ್ಲಿ ಶೇ 65.6 ಇದ್ದದ್ದು 2022ರಲ್ಲಿ ಶೇ 72.9ಕ್ಕೆ ಏರಿ, 2024ರಲ್ಲಿ ಮತ್ತೆ ಶೇ 66.8ಕ್ಕೆ ಇಳಿಯಿತು. ಶಾಲೆಗಳು ತಿಂಗಳುಗಟ್ಟಲೆ ಬೀಗ ಹಾಕಿಕೊಂಡಿದ್ದ ಕಾಲದಲ್ಲಿಯೇ ಈ ಏರಿಕೆಯ ಬಹುಭಾಗ ಆಯಿತು. ಶುಲ್ಕ ಕಟ್ಟಲು ಕೈಯಲ್ಲಿ ಹಣವಿಲ್ಲದೆ ಬಂದವರು ಹಣ ಬಂದಾಗ ಹೊರಟರು. ಅಡಿಕೆಯ ಧಾರಣೆ, ಕೊಳೆರೋಗ, ಎಲೆಚುಕ್ಕಿ ರೋಗ ಇವುಗಳ ಮೇಲೆ ಮನೆಯ ವರಮಾನ ನಿಂತಿರುವ ಮಲೆನಾಡಿನಲ್ಲಿ, ಸಣ್ಣ ಹಿಡುವಳಿದಾರರ ಮನೆಯ ಮಕ್ಕಳ ವರ್ಗಾವಣೆ ಪತ್ರಗಳಿಗೂ ಮಂಡಿಯ ಧಾರಣೆಗೂ ಸಂಬಂಧವಿದೆ ಎಂದು ನಾನು ನಂಬಿದ್ದೇನೆ. ವರ್ಗಾವಣೆ ಪತ್ರದ ಕಾರಣದ ಕಲಮಿನಲ್ಲಿ ಮಾತ್ರ ‘ಪೋಷಕರ ಇಚ್ಛೆ’ ಎಂದಷ್ಟೇ ಇರುತ್ತದೆ.

ಇನ್ನು ಸಂಖ್ಯೆ ಕುಸಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಬರೋಣ. ಸರ್ಕಾರಿ ಶಾಲೆಗೆ ಬರುವ ಎಲ್ಲವೂ ಮಕ್ಕಳ ಸಂಖ್ಯೆಗೆ ಕಟ್ಟಿಕೊಂಡೇ ಬರುತ್ತದೆ, ಆದರೆ ಅದು ಇಳಿಜಾರಿನಂತೆ ನಿಧಾನವಾಗಿ ಇಳಿಯದೆ ಮೆಟ್ಟಿಲಿನಂತೆ ಒಮ್ಮೆಗೇ ಇಳಿಯುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಆರರಿಂದ ಎಂಟನೆಯ ತರಗತಿಯಲ್ಲಾದರೆ ವಿಜ್ಞಾನ ಮತ್ತು ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಕನಿಷ್ಠ ಇರಬೇಕು. ಬಿಸಿಯೂಟದ ಅಡುಗೆಗೆ 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು. ಎಂದರೆ 26 ಮಕ್ಕಳಿದ್ದ ಶಾಲೆಯಿಂದ ಒಂದೇ ಒಂದು ಮಗು ವರ್ಗಾವಣೆ ಪತ್ರ ತೆಗೆದುಕೊಂಡರೆ ಒಬ್ಬ ಅಡುಗೆಯವರ ಕೆಲಸಕ್ಕೇ ಸಂಚಕಾರ. ಶಾಲೆಯ ವಾರ್ಷಿಕ ಅನುದಾನವೂ ದಾಖಲಾತಿಯ ಶ್ರೇಣಿಯನ್ನು ಅನುಸರಿಸುತ್ತದೆ. ಆದರೆ 14 ಮಕ್ಕಳ ಶಾಲೆಗೂ 60 ಮಕ್ಕಳ ಶಾಲೆಗೂ ಸೋರುವ ಚಾವಣಿ ಒಂದೇ ಅಳತೆಯದು, ವಿದ್ಯುತ್ ಬಿಲ್ಲು ಹೆಚ್ಚುಕಡಿಮೆ ಒಂದೇ.

ಇಬ್ಬರು ಶಿಕ್ಷಕರು ಎಂಬುದು ಕಾಗದದ ಮೇಲಿನ ಕನಿಷ್ಠ. ಒಬ್ಬರು ನಿವೃತ್ತರಾಗಿ ಆ ಹುದ್ದೆ ತುಂಬದಿದ್ದಾಗ, ಅಥವಾ ಪಕ್ಕದ ಶಾಲೆಗೆ ವಾರಕ್ಕೆ ಮೂರು ದಿನ ನಿಯೋಜನೆಯಾದಾಗ, ಶಾಲೆ ಏಕೋಪಾಧ್ಯಾಯ ಶಾಲೆಯಾಗಿಬಿಡುತ್ತದೆ. ದೇಶದಲ್ಲಿ ಇಂಥ ಶಾಲೆಗಳು ಒಂದು ಲಕ್ಷಕ್ಕೂ ಹೆಚ್ಚಿವೆ ಎಂದು ಕೇಂದ್ರ ಶಿಕ್ಷಣ ಸಚಿವಾಲಯದ 2024–25ರ ಅಂಕಿಅಂಶಗಳೇ ಹೇಳುತ್ತವೆ. ನಾನು ನೋಡಿದ ಶಾಲೆಯಲ್ಲಿ ಆ ದಿನ ಮೇಷ್ಟ್ರು ಒಬ್ಬರೇ ಇದ್ದರು. ಒಂದು, ಎರಡು, ಮೂರನೆಯ ತರಗತಿಯ ಏಳು ಮಕ್ಕಳನ್ನು ನಲಿ–ಕಲಿ ಕೊಠಡಿಯಲ್ಲಿ ಸುತ್ತಲೂ ಕೂರಿಸಿ, ಕಾರ್ಡುಗಳನ್ನು ಕೊಟ್ಟು, ನಡುವಿನ ಬಾಗಿಲು ತೆರೆದಿಟ್ಟು ಪಕ್ಕದ ಕೊಠಡಿಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಯ ಏಳು ಮಂದಿಗೆ ಭಾಗಾಕಾರ ಹೇಳಿಕೊಡುತ್ತಿದ್ದರು. ಎರಡನೆಯ ತರಗತಿಯ ಹುಡುಗಿಯೊಬ್ಬಳು ಮೂರನೆಯ ತರಗತಿಯ ಆ ಒಬ್ಬನೇ ಹುಡುಗನಿಗೆ ಅವನ ಕಾರ್ಡನ್ನು ಓದಿ ಹೇಳುತ್ತಿದ್ದಳು. ಇದು ಅವ್ಯವಸ್ಥೆಯಲ್ಲ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಎಲ್ಲ ಕಡೆ ಹರಡಿದ ನಲಿ–ಕಲಿ ಪದ್ಧತಿ ಇರುವುದೇ ಹೀಗೆ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ, ಕಲಿಕಾ ಏಣಿಯ ಮೇಲೆ ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಕಡಿಮೆ ಮಕ್ಕಳಿರುವ ಶಾಲೆಗೆ ಇದಕ್ಕಿಂತ ಹೊಂದುವ ವಿಧಾನ ಇಲ್ಲವೆಂದೇ ನನ್ನ ಅಭಿಪ್ರಾಯ. ತೊಡಕು ಬರುವುದು ನಾಲ್ಕನೆಯ ತರಗತಿಯಿಂದ. ಅಲ್ಲಿ ಪಠ್ಯಪುಸ್ತಕ, ವಿಷಯವಾರು ಪಾಠ, ಘಟಕ ಪರೀಕ್ಷೆ ಎಲ್ಲವೂ ತರಗತಿಗೊಬ್ಬ ಶಿಕ್ಷಕರಿದ್ದಾರೆ ಎಂಬ ಊಹೆಯ ಮೇಲೆಯೇ ರೂಪುಗೊಂಡಿವೆ.

ಅಂಥ ಶಾಲೆಯಿಂದ ಶಿಕ್ಷಕರು ಒಂದು ದಿನ ಹೊರಗೆ ಹೋದರೆ ಪಾಠದ ಒಂದು ಭಾಗವಲ್ಲ, ಇಡೀ ಶಾಲೆಯೇ ನಿಲ್ಲುತ್ತದೆ. ತರಬೇತಿ, ಚುನಾವಣೆಯ ಮತದಾರರ ಪಟ್ಟಿ, ಮೊಟ್ಟೆ ಖರೀದಿಯ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬಲು ನೆಟ್‌ವರ್ಕ್ ಸಿಗುವ ಗುಡ್ಡದ ತುದಿಗೆ ಹೋಗುವುದು, ಇವು ದೊಡ್ಡ ಶಾಲೆಯಲ್ಲಿ ಹಂಚಿಹೋಗುವ ಕೆಲಸಗಳು. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಗಣತಿದಾರರನ್ನಾಗಿ ನೇಮಿಸಿ, ಕೆಲಸ ಮುಗಿಯದ ಕಾರಣ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ದಾಖಲಾತಿಯ ಕುಸಿತ ಕಲಿಕೆಯ ಕುಸಿತವಾಗಿ ಬದಲಾಗುವುದು ಹೀಗೆ: ಮಕ್ಕಳು ಕಡಿಮೆಯಾದದ್ದರಿಂದ ಶಿಕ್ಷಕರು ಕಡಿಮೆಯಾದರು, ಶಿಕ್ಷಕರು ಕಡಿಮೆಯಾದದ್ದರಿಂದ ಪಾಠದ ಸಮಯ ಕಡಿಮೆಯಾಯಿತು, ಅದನ್ನು ಕಂಡ ಇನ್ನೆರಡು ಮನೆಯವರು ವ್ಯಾನಿಗೆ ಮುಂಗಡ ಕಟ್ಟಿದರು.

ಈಗ ಎರಡನೆಯ ಲೆಕ್ಕ, ಕಲಿಕೆಯದು. ಒಂದು ಪ್ರಾಥಮಿಕ ಶಾಲೆಯ ಮಕ್ಕಳು ಎಷ್ಟು ಕಲಿತಿದ್ದಾರೆ ಎಂದು ಹೊರಗಿನವರಿಗೆ ತಿಳಿಸುವ ಅಳತೆ ನಮ್ಮಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಐದು ಮತ್ತು ಎಂಟನೆಯ ತರಗತಿಗೆ ಮಂಡಳಿಯ ಮೂಲಕ ಮೌಲ್ಯಾಂಕನ ನಡೆಸುವ ಪ್ರಯತ್ನ 2023ರಲ್ಲಿ ಮತ್ತು 2024ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟಣೆಗೆ ಸುಪ್ರೀಂ ಕೋರ್ಟ್ ತಡೆ ನೀಡಿತು. ಅಸರ್ ಸಮೀಕ್ಷೆ ಒಂದು ಜಿಲ್ಲೆಯಲ್ಲಿ 30 ಹಳ್ಳಿಗಳನ್ನು, ಪ್ರತಿ ಹಳ್ಳಿಯಲ್ಲಿ 20 ಮನೆಗಳನ್ನು ಆಯ್ದುಕೊಂಡು ಮಗು ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದುತ್ತದೆಯೇ, ಕಳೆಯುವ ಮತ್ತು ಭಾಗಿಸುವ ಲೆಕ್ಕ ಮಾಡುತ್ತದೆಯೇ ಎಂದು ನೋಡುತ್ತದೆ. ಅದರಿಂದ ಜಿಲ್ಲೆಯ ಅಥವಾ ರಾಜ್ಯದ ಚಿತ್ರ ಸಿಗುತ್ತದೆ, ನಿಮ್ಮೂರಿನ ಶಾಲೆಯ ಚಿತ್ರ ಸಿಗುವುದಿಲ್ಲ. ಹೀಗಾಗಿ ಎಲ್ಲರ ಕಣ್ಣೂ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮೇಲೆ ಬೀಳುತ್ತದೆ. ಆದರೆ ಅದು ಏಳೆಂಟು ಪ್ರಾಥಮಿಕ ಶಾಲೆಗಳಿಂದ ಮಕ್ಕಳನ್ನು ಪಡೆಯುವ ಪ್ರೌಢಶಾಲೆಯ ಫಲಿತಾಂಶ.

ಆ ಫಲಿತಾಂಶವನ್ನು ಓದುವಾಗಲೂ ಸಣ್ಣ ಸಂಖ್ಯೆಯ ಮೋಸವನ್ನು ನೆನಪಿಡಬೇಕು. ಒಂಬತ್ತು ಮಂದಿ ಪರೀಕ್ಷೆ ಬರೆದು ಎಲ್ಲರೂ ಉತ್ತೀರ್ಣರಾದರೆ ಶೇ 100. ಒಬ್ಬ ಅನುತ್ತೀರ್ಣನಾದರೆ ಶೇ 88.89, ಇಬ್ಬರಾದರೆ ಶೇ 77.78. ಅದೇ ಇಬ್ಬರು 180 ಮಂದಿಯ ಪಟ್ಟಣದ ಶಾಲೆಯಲ್ಲಿ ಅನುತ್ತೀರ್ಣರಾಗಿದ್ದರೆ ಅದು ಶೇ 98.89. ರಾಜ್ಯದಲ್ಲಿ ಶೇ 100 ಫಲಿತಾಂಶದ ಶಾಲೆಗಳ ಪಟ್ಟಿಯಲ್ಲಿಯೂ, ಶೂನ್ಯ ಫಲಿತಾಂಶದ ಪಟ್ಟಿಯಲ್ಲಿಯೂ ಚಿಕ್ಕ ಶಾಲೆಗಳು ಎದ್ದು ಕಾಣುವುದು ಸಹಜ. ಅವು ತುಂಬ ಒಳ್ಳೆಯವು ಅಥವಾ ತುಂಬ ಕೆಟ್ಟವು ಎಂದು ಇದರ ಅರ್ಥವಲ್ಲ. ಸಂಖ್ಯೆ ಚಿಕ್ಕದಾದಷ್ಟೂ ಶೇಕಡಾವಾರು ಎರಡೂ ತುದಿಗೆ ಜಿಗಿಯುತ್ತದೆ, ಅಷ್ಟೆ. ಶಿವಮೊಗ್ಗದ ಮಂಡಿಯಲ್ಲಿ ಮೂಟೆಯಿಂದ ಐದೇ ಅಡಿಕೆ ತೆಗೆದು ನೋಡಿ ಇದು ಬೆಟ್ಟೆ, ಇದು ಗೊರಬಲು ಎಂದು ದರ್ಜೆ ಹೇಳಿ ಧಾರಣೆ ಕಟ್ಟುವ ವರ್ತಕನಿಲ್ಲ. ಕೈಗೆ ಬಂದ ಐದರಲ್ಲಿ ಎರಡು ಕೆಟ್ಟಿದ್ದರೆ ಅವನು ಇನ್ನೊಂದು ಹಿಡಿ ತೆಗೆಯುತ್ತಾನೆ. ಸಣ್ಣ ಶಾಲೆಯ ಮಟ್ಟಿಗೆ ಆ ಇನ್ನೊಂದು ಹಿಡಿಯೆಂದರೆ ಹಿಂದಿನ ನಾಲ್ಕೈದು ವರ್ಷಗಳ ಮಕ್ಕಳನ್ನೆಲ್ಲ ಒಟ್ಟುಗೂಡಿಸಿ ನೋಡುವುದು.

ಜಿಲ್ಲೆಯ ಸ್ಥಾನವೂ ಇಷ್ಟೇ ಎಚ್ಚರಿಕೆಯಿಂದ ಓದಬೇಕಾದದ್ದು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ್ದು ಆ ವರ್ಷ. ಕೃಪಾಂಕದ ಪ್ರಮಾಣವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಇಷ್ಟು ಕುಸಿಯಿತು. ಅದೇ ವರ್ಷ ಉಡುಪಿ, ದಕ್ಷಿಣ ಕನ್ನಡದ ನಂತರ ಶಿವಮೊಗ್ಗ ಜಿಲ್ಲೆ ಮೂರನೆಯ ಸ್ಥಾನಕ್ಕೆ ಬಂತು. ಹಿಂದಿನ ವರ್ಷ ಅದು ಮೊದಲ ಮೂರರ ಹತ್ತಿರವೂ ಇರಲಿಲ್ಲ. ಒಂದೇ ವರ್ಷದಲ್ಲಿ ನಮ್ಮ ಮಕ್ಕಳು ಅಷ್ಟು ಜಾಣರಾದರೇ? ನನಗೆ ಹಾಗೆನಿಸುವುದಿಲ್ಲ. ನಮ್ಮವರು ಇದ್ದಲ್ಲೇ ಇದ್ದರು, ನಕಲಿನ ಮೆಟ್ಟಿಲ ಮೇಲೆ ನಿಂತಿದ್ದವರು ಕೆಳಗಿಳಿದರು ಎಂದು ಓದುವುದು ಹೆಚ್ಚು ಸರಿ.

ಹೋಲಿಕೆಗೆ ಅಡ್ಡಬರುವ ಇನ್ನೊಂದು ಸಂಗತಿ ಆರನೆಯ ತರಗತಿಯ ಬಾಗಿಲಿನಲ್ಲಿದೆ. ಗಾಜನೂರಿನ ನವೋದಯ ವಿದ್ಯಾಲಯವೂ ತಾಲ್ಲೂಕುಗಳಲ್ಲಿರುವ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಪ್ರವೇಶ ಪರೀಕ್ಷೆ ನಡೆಸಿ ಮಕ್ಕಳನ್ನು ಸೇರಿಸಿಕೊಳ್ಳುವುದು ಆರನೆಯ ತರಗತಿಗೆ. ಊರಿನ ಶಾಲೆಯ ಮೇಷ್ಟ್ರು ಸಂಜೆ ಕೂರಿಸಿಕೊಂಡು ತಯಾರು ಮಾಡಿದ ಚುರುಕಾದ ಹುಡುಗಿ ಆಯ್ಕೆಯಾಗಿ ಹೋದಾಗ ಅದು ಆ ಶಾಲೆಯ ಸಾಧನೆ. ಆದರೆ ಅವಳ 590 ಅಂಕ ಮುಂದೆ ವಸತಿ ಶಾಲೆಯ ಖಾತೆಗೆ ಜಮೆಯಾಗುತ್ತದೆ, ಊರಿನ ಪ್ರೌಢಶಾಲೆಯ ಸರಾಸರಿ ಅವಳಿಲ್ಲದ ಕಾರಣ ಇಳಿಯುತ್ತದೆ. ಚೆನ್ನಾಗಿ ಕಲಿಸಿದ್ದಕ್ಕೆ ಅಂಕಿಯಲ್ಲಿ ಸಿಗುವುದು ಈ ದಂಡ.

ಹಾಗಾದರೆ ಒಂದು ಚಿಕ್ಕ ಶಾಲೆಯನ್ನು ಅಳೆಯುವುದು ಹೇಗೆ? ದಾಖಲಾತಿಯನ್ನು ಬರಿಯ ಸಂಖ್ಯೆಯಾಗಿ ನೋಡದೆ ಊರಿನ ಮಕ್ಕಳ ಪಾಲಾಗಿ ನೋಡುವುದು ಮೊದಲ ಹೆಜ್ಜೆ. ಶಿಕ್ಷಕರು ಪ್ರತಿವರ್ಷ ಮಾಡುವ ಮಕ್ಕಳ ಗಣತಿಯ ಪುಸ್ತಕದಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ. ಊರಿನ 30 ಮಕ್ಕಳಲ್ಲಿ 14 ಮಂದಿ ಬರುತ್ತಿದ್ದರೆ ಆ ಪಾಲು ಶೇ 47. ಐದು ವರ್ಷಗಳ ನಂತರ ಊರಿನಲ್ಲಿ 20 ಮಕ್ಕಳೇ ಇದ್ದು 12 ಮಂದಿ ಬಂದರೆ ಸಂಖ್ಯೆ ಇಳಿದಿದೆ, ಪಾಲು ಶೇ 60ಕ್ಕೆ ಏರಿದೆ. ಮೊದಲನೆಯದನ್ನು ನೋಡುವವರು ಶಾಲೆ ಸೋತಿತು ಎನ್ನುತ್ತಾರೆ, ಎರಡನೆಯದನ್ನು ನೋಡುವವರಿಗೆ ಶಾಲೆ ಊರಿನ ವಿಶ್ವಾಸ ಗಳಿಸಿದ್ದು ಕಾಣುತ್ತದೆ. ಕಲಿಕೆಯ ಮಟ್ಟಿಗೆ, ಜೂನ್‌ನಲ್ಲಿ ಅಕ್ಷರ ಗುರುತಿಸುತ್ತಿದ್ದ ಮಗು ಮಾರ್ಚ್‌ನಲ್ಲಿ ವಾಕ್ಯ ಓದುತ್ತದೆಯೇ ಎಂದು ಅದೇ ಮಗುವನ್ನು ಅದರ ಹಿಂದಿನ ಸ್ಥಿತಿಗೆ ಹೋಲಿಸಿ ನೋಡಬೇಕು. 14 ಮಕ್ಕಳಿಗೆ ಇದನ್ನು ಎಸ್‌ಡಿಎಂಸಿಯ ಎದುರು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು.

ಇಂಥ ಶಾಲೆಗಳನ್ನು ವಿಲೀನ ಮಾಡಬೇಕೇ ಎಂಬ ಪ್ರಶ್ನೆಗೆ ಒಂದೇ ಉತ್ತರ ಇಡೀ ಮಲೆನಾಡಿಗೆ ಹೊಂದುವುದಿಲ್ಲ. ಎಲ್‌ಕೆಜಿಯಿಂದ ಪಿಯುಸಿಯವರೆಗೆ ಒಂದೇ ಆವರಣದಲ್ಲಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ಆಟಕ್ಕೆ ಜೊತೆಗಾರರು ಇರುತ್ತಾರೆ. ಮೂರನೆಯ ತರಗತಿಯ ಆ ಒಬ್ಬನೇ ಹುಡುಗನಿಗೆ ಕಬಡ್ಡಿ ಆಡಲು ಒಂದು ತಂಡ ಸಿಗುವುದೂ ಶಿಕ್ಷಣವೇ. ಆದರೆ ವಾಹನದ ವ್ಯವಸ್ಥೆ ಮೊದಲು ಬಂದು ಬೀಗ ಆಮೇಲೆ ಬೀಳಬೇಕು. ಬೀಗ ಹಾಕಿದ ಮೇಲೆ ಸಾರಿಗೆ ಭತ್ಯೆಯ ಕಡತ ಓಡಾಡಲು ಶುರುವಾದರೆ, ಮೊದಲು ಶಾಲೆ ಬಿಡುವವರು ಕೂಲಿಯವರ ಹೆಣ್ಣುಮಕ್ಕಳು. ನನ್ನನ್ನು ಕೇಳಿದರೆ, ನಲಿ–ಕಲಿ ನಡೆಯುವ ಮೊದಲ ಮೂರು ತರಗತಿಗಳನ್ನು ಅಂಗನವಾಡಿಯ ಜೊತೆ ಊರಿನಲ್ಲೇ ಉಳಿಸಿ, ನಾಲ್ಕರಿಂದ ಮೇಲಿನ ಮಕ್ಕಳಿಗೆ ಮಾತ್ರ ವಾಹನ ಕೊಟ್ಟು ದೊಡ್ಡ ಶಾಲೆಗೆ ಕಳುಹಿಸುವುದು ಈ ನೆಲಕ್ಕೆ ಹೊಂದುವ ದಾರಿ. ಇದಕ್ಕೆ ಈಗಿನ ನಿಯಮದಲ್ಲಿ ಸುಲಭವಾದ ಕಲಮಿಲ್ಲ, ಏಕೆಂದರೆ ನಿಯಮಕ್ಕೆ ಶಾಲೆಯೆಂದರೆ ಇದೆ ಅಥವಾ ಇಲ್ಲ.

ನಾನು ಹೊರಡುವಾಗ ಮಳೆ ಸ್ವಲ್ಪ ಹೊಳವಾಗಿತ್ತು. ಮುಂದಿನ ವರ್ಷ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಎಂದು ಕೇಳಿದ್ದಕ್ಕೆ ಮೇಷ್ಟ್ರು ಗಣತಿಯ ಪುಸ್ತಕವನ್ನೇನೂ ತೆಗೆಯಲಿಲ್ಲ. ಅಂಗನವಾಡಿಯಲ್ಲಿ ಮೂವರು ಇದ್ದಾರೆ ಎಂದರು. ಒಬ್ಬಳು ಬರುವುದು ಖಂಡಿತ, ಅವಳ ಅಕ್ಕ ಇಲ್ಲೇ ನಾಲ್ಕನೆಯ ತರಗತಿಯಲ್ಲಿದ್ದಾಳೆ. ಇನ್ನೊಬ್ಬನ ತಂದೆತಾಯಿ ತೋಟದ ಕೆಲಸಕ್ಕೆ ಬಂದವರು, ಕೊಯ್ಲು ಮುಗಿದ ಮೇಲೆ ಇರುತ್ತಾರೋ ಇಲ್ಲವೋ. ಮೂರನೆಯವನು ಹುಟ್ಟಿದ್ದು ಜೂನ್ ಹದಿನೆಂಟಕ್ಕೆ.